‘ಗುಳಿಗಿ ಖಾಲಿ ಆಗ್ಯಾವ್ರಿ, ಸೋಮವಾರ ಬರ್ರಿ!’

ಔಷಧ ಅಂಗಡಿ ಮುಂದೆ ನಿಂತವರಿಗೆ ಇದೇನು ಹೊಸ ಮಾತಲ್ಲ. ಕೆಮ್ಮಿನ ಔಷಧವಾದರೆ ಸೋಮವಾರದ ತನಕ ತಡೆಯಬಹುದು. ಆದರೆ ಚೀಟಿಯಲ್ಲಿರುವುದು ಲೆವೊಡೋಪಾ ಗುಳಿಗಿಯಾಗಿದ್ದರೆ?

ಇದು ಪಾರ್ಕಿನ್ಸನ್ ಬ್ಯಾನಿಯ ಗುಳಿಗಿ. ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಬ್ಯಾನಿಯ ಬಗ್ಗೆ ಬರೆದ, ಅದಕ್ಕೇ ಆ ಹೆಸರು. ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ನಸಗುನ್ನಿಯ ಬೀಜದಲ್ಲೂ ಇದೇ ಲೆವೊಡೋಪಾ ಇದೆ. (ಹಾಗಂತ ಗುಳಿಗಿ ಬಿಟ್ಟು ಬೀಜ ಕುಟ್ಟಿ ಕುಡಿಸಲು ಹೋಗಬ್ಯಾಡ್ರಿ, ಅಳತೆ ಸಿಗೂದಿಲ್ಲ.)

ಮಿದುಳಿನಲ್ಲಿ ಡೋಪಮೈನ್ ಎಂಬ ರಸ ಕಮ್ಮಿಯಾದಾಗ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಸಣ್ಣದಾಗುತ್ತದೆ. ಗುಳಿಗಿ ಆ ಕೊರತೆ ತುಂಬುತ್ತದೆ, ಅದೂ ಕೆಲವೇ ತಾಸು. ಕಾಲಕಾಲೇಶ್ವರ ಜಾತ್ರೆಗೆ ಹೊರಟ ಅಜ್ಜನ ಗುಳಿಗಿ ಡಬ್ಬಿ ನರಗುಂದದ ಮನೆಯಲ್ಲೇ ಉಳಿಯಿತು ಅನ್ನಿ. ಹೀಗೆ ಒಮ್ಮೆಲೇ ನಿಂತರೆ ಕೆಲವರಿಗೆ ನಾಲ್ಕಾರು ದಿನದೊಳಗೇ ಮೈ ಕಟ್ಟಿಗೆಯಂತೆ ಸೆಟೆದು, ಜ್ವರ ಏರಿ, ಬೆವರು ಸುರಿದು, ಎಚ್ಚರ ತಪ್ಪುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೆ ಜೀವಕ್ಕೇ ಕುತ್ತು.

ಮನೆಯವರು ಏನು ಮಾಡುತ್ತಾರೆ? ಚಳಿಜ್ವರ ಅಂತ ಕಂಬಳಿ ಹೊದಿಸುತ್ತಾರೆ! ಕಂಬಳಿ ತೆಗೆಯಿರಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಸುರಿಯಬೇಡಿ. ನುಂಗಲಾರದವರಿಗೆ ಅದು ಉಸಿರುನಾಳಕ್ಕೆ ಇಳಿದು ನ್ಯುಮೋನಿಯಾ ಆದೀತು. ಬಿಗಿದ ಸ್ನಾಯು ಒಳಗೇ ಕೆಟ್ಟು ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಹೀಗಾಗಿ ಗದಗ ಇಲ್ಲವೇ ಹುಬ್ಬಳ್ಳಿಯ ದೊಡ್ಡ ದವಾಖಾನೆಯೇ ಬೇಕು. ಅಲ್ಲಿ ಸಲೈನ್ ಹಚ್ಚಿ, ಮೈ ತಂಪು ಮಾಡಿ, ನಿಂತ ಗುಳಿಗಿಯನ್ನು ಬೇಕಾದರೆ ಮೂಗಿನ ನಳಿಕೆಯಿಂದಲೇ ಮತ್ತೆ ಶುರು ಮಾಡುತ್ತಾರೆ.

ಇನ್ನೊಂದು ಮಾತು. ವಾಂತಿಗೆಂದು ಮೆಟೊಕ್ಲೋಪ್ರಮೈಡ್ ಸೂಜಿ, ರಾತ್ರಿ ಬಡಬಡಿಸಿದರೆ ಹ್ಯಾಲೊಪೆರಿಡಾಲ್ ಕೊಡುವುದುಂಟು. ಎರಡೂ ಡೋಪಮೈನಿಗೆ ಅಡ್ಡ ನಿಲ್ಲುತ್ತವೆ, ಬಿಗಿತ ಹೆಚ್ಚಿಸುತ್ತವೆ. ಸೂಜಿ ಚುಚ್ಚುವ ಮೊದಲೇ “ಇವರಿಗೆ ಪಾರ್ಕಿನ್ಸನ್ ಐತ್ರಿ” ಅಂತ ಹೇಳಿ, ಹಳೇ ಚೀಟಿ ತೋರಿಸಿ. ಡಾಕ್ಟರು ಸಿಡುಕಿದರೆ ಸಿಡುಕಲಿ.

ಔಷಧ ಅಂಗಡಿಯವರಿಗೊಂದು ವಿನಂತಿ. ಈ ಗುಳಿಗಿ ಒಯ್ಯುವ ಗಿರಾಕಿಗಳ ಮುಖ ನಿಮಗೆ ಗೊತ್ತೇ ಇರುತ್ತದೆ. ಅವರಿಗೆಂದು ಒಂದೆರಡು ಪಟ್ಟಿ ಬೇರೆ ತೆಗೆದಿಡಿ. ಖಾಲಿಯಾದರೆ ಸೋಮವಾರದ ದಾರಿ ಕಾಯದೆ ಸಂಜೆಯ ಗದಗ ಬಸ್ಸಿಗೆ ಯಾರ ಕೈಯಲ್ಲಾದರೂ ತರಿಸಿಕೊಡಿ.