ನಾಲಗೆಯ ತಲಾಖ್, ಮನಸ್ಸಿನ ನಿಯ್ಯತ್

ಸಿಟ್ಟಿನ ಭರದಲ್ಲೋ ತಮಾಷೆಗೋ ಪತಿ ‘ತಲಾಖ್’ ಎಂದುಬಿಟ್ಟರೆ ಮದುವೆ ಮುರಿಯಿತೇ? ‘ಹಾಗೆಂದು ನಾನು ಬಯಸಿರಲಿಲ್ಲ’ ಎಂದು ಆತ ಮರುದಿನ ಹೇಳಿದರೆ ಆ ಮಾತಿಗೆ ಬೆಲೆಯುಂಟೇ? ಇಸ್ಲಾಮೀ ಧರ್ಮಶಾಸ್ತ್ರಜ್ಞರು ಶತಮಾನಗಳಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆಯಿದು.

ಕರ್ಮಗಳು ಉದ್ದೇಶವನ್ನು, ಅಂದರೆ ನಿಯ್ಯತ್ತನ್ನು ಅವಲಂಬಿಸಿವೆ ಎಂಬ ಹದೀಸ್ ಸುಪ್ರಸಿದ್ಧ. ಬುಖಾರಿಯವರ ಸಂಗ್ರಹ ಆರಂಭವಾಗುವುದೇ ಅದರಿಂದ. ಆದರೆ ವಿವಾಹ, ತಲಾಖ್ ಮತ್ತು ತಲಾಖ್ ನೀಡಿದ ಪತ್ನಿಯನ್ನು ಮರಳಿ ಸ್ವೀಕರಿಸುವುದು, ಈ ಮೂರರಲ್ಲಿ ತಮಾಷೆಯ ಮಾತೂ ಗಂಭೀರವೇ ಎನ್ನುವ ಹದೀಸ್ ಕೂಡ ಅಬೂ ದಾವೂದ್ ಹಾಗೂ ತಿರ್ಮಿದಿ ಸಂಗ್ರಹಗಳಲ್ಲಿದೆ. ಮದುವೆಯನ್ನು ಯಾರೂ ಆಟದ ವಸ್ತುವಾಗಿಸಬಾರದೆಂಬುದು ಇದರ ಹಿಂದಿನ ಕಾಳಜಿ.

ಈ ಎರಡನ್ನೂ ಹೊಂದಿಸಲು ಶಾಸ್ತ್ರಜ್ಞರು ಮಾತನ್ನೇ ಇಬ್ಭಾಗ ಮಾಡಿದರು. ‘ನಿನಗೆ ತಲಾಖ್ ನೀಡಿದ್ದೇನೆ’ ಎಂಬಂಥ ನೇರ ಮಾತು ‘ಸರೀಹ್’. ಇಲ್ಲಿ ಉದ್ದೇಶವನ್ನು ಕೇಳುವ ಪ್ರಶ್ನೆಯೇ ಇಲ್ಲ. ‘ತವರಿಗೆ ಹೋಗು’ ಎಂಬಂಥ ಎರಡರ್ಥದ ಮಾತು ‘ಕಿನಾಯ’. ಇಂಥ ಮಾತಿಗೆ ಅರ್ಥ ಕೊಡುವುದು ಸಾಮಾನ್ಯವಾಗಿ ಆಡಿದವನ ನಿಯ್ಯತ್ತು. ರುಕಾನಾ ಎಂಬವರು ಪತ್ನಿಗೆ ಕಡಿದುಹಾಕುವ ಅರ್ಥದ ಪದ ಬಳಸಿ ತಲಾಖ್ ಹೇಳಿದಾಗ, ಅವರ ಉದ್ದೇಶವೇನಿತ್ತೆಂದು ಪ್ರವಾದಿ ವಿಚಾರಿಸಿದರು. ಒಂದೇ ತಲಾಖ್ ಎಂದು ಪ್ರಮಾಣ ಮಾಡಿದ ಮೇಲೆ ಪತ್ನಿಯನ್ನು ಮರಳಿಸಿದರು ಎಂಬ ವರದಿಯೂ ಉಂಟು.

ಬಲವಂತದ ತಲಾಖ್ ವಿಷಯದಲ್ಲಿ ಪಂಥಗಳು ಕವಲೊಡೆಯುತ್ತವೆ. ಬೆದರಿಕೆಗೆ ಮಣಿದು ಹೇಳಿದರೂ ಹನಫಿ ಪಂಥದಲ್ಲಿ ಅದು ಊರ್ಜಿತ. ಶಾಫಿ, ಮಾಲಿಕಿ, ಹಂಬಲಿಗಳಲ್ಲಿ ಅಸಿಂಧು. ಹೀಗಾಗಿ ಕರ್ನಾಟಕದಲ್ಲೇ, ಶಾಫಿ ಪಂಥದ ಕರಾವಳಿಯ ಬ್ಯಾರಿಗಳಿಗೂ ನವಾಯತರಿಗೂ ಒಂದು ಉತ್ತರ, ಬಹುಪಾಲು ಹನಫಿಗಳೇ ಇರುವ ಒಳನಾಡಿಗೆ ಇನ್ನೊಂದು. ಶಿಯಾಗಳ ನಿಯಮ ಎಲ್ಲಕ್ಕಿಂತ ಬಿಗಿ: ನಿಶ್ಚಿತ ಪದ, ಸ್ಪಷ್ಟ ಉದ್ದೇಶ, ಇಬ್ಬರು ನ್ಯಾಯವಂತ ಸಾಕ್ಷಿಗಳು, ಇವಿಷ್ಟೂ ಇರಲೇಬೇಕು.

ಮೂರು ಬಾರಿ ಹೇಳಿದ್ದು ಒತ್ತು ಕೊಡಲಷ್ಟೇ ಎಂದು ಪತಿ ವಾದಿಸಿದರೆ? ದೇವರ ಮುಂದೆ ಅದು ಒಂದೇ ತಲಾಖ್, ಖಾಜಿಯ ಮುಂದೆ ಮೂರು ಎನ್ನುತ್ತಾರೆ ಹನಫಿ ಶಾಸ್ತ್ರಜ್ಞರು. ಖಾಜಿಗೆ ಕೇಳಿಸುವುದು ಮಾತು, ಮನಸ್ಸಲ್ಲ. ತರ್ಕವೇನೋ ಸರಿ. ಆದರೆ ಅದರ ಬೆಲೆ ತೆತ್ತವರು ಯಾರು?

ಪ್ರಿವಿ ಕೌನ್ಸಿಲ್ 1932ರಲ್ಲಿ ತೀರ್ಪಿತ್ತ ರಷೀದ್ ಅಹ್ಮದ್-ಅನೀಸಾ ಖಾತೂನ್ ಪ್ರಕರಣ ಇದಕ್ಕೆ ಉತ್ತರ ಹೇಳುತ್ತದೆ. ಪತಿ 1905ರಲ್ಲಿ ಪತ್ನಿಯ ಅನುಪಸ್ಥಿತಿಯಲ್ಲಿ, ಸಾಕ್ಷಿಗಳೆದುರು ತ್ರಿವಳಿ ತಲಾಖ್ ಉಚ್ಚರಿಸಿದ್ದ. ಆ ಬಳಿಕವೂ ದಂಪತಿ ಸುಮಾರು 15 ವರ್ಷ ಒಟ್ಟಿಗೆ ಬಾಳಿದರು, ಐದು ಮಕ್ಕಳಾದವು. ಆತ ತೀರಿಕೊಂಡ ಮೇಲೆ ಆಸ್ತಿಯ ತಕರಾರು ಎದ್ದಿತು. ಅದು ನಿಜವಾದ ತಲಾಖ್ ಆಗಿರಲಿಲ್ಲವೆಂಬ ವಾದವನ್ನು ನ್ಯಾಯಪೀಠ ಒಪ್ಪಲಿಲ್ಲ. ಮಾತು ಸ್ಪಷ್ಟವಾಗಿದ್ದ ಮೇಲೆ ಒಳಮನಸ್ಸಿನ ಇಂಗಿತ ಅಪ್ರಸ್ತುತವೆಂದಿತು. ಪತ್ನಿಗೂ ಮಕ್ಕಳಿಗೂ ವಾರಸುದಾರಿಕೆ ತಪ್ಪಿತು. ಮಾತಾಡಿದವನು ಒಬ್ಬ, ದಂಡ ತೆತ್ತವರು ಆರು ಮಂದಿ.

ಈಜಿಪ್ಟ್ 1929ರಲ್ಲೇ ಕಾನೂನು ಬದಲಿಸಿ, ಅಮಲಿನಲ್ಲಿ ಅಥವಾ ಬಲವಂತದಿಂದ ಹೇಳಿದ ತಲಾಖನ್ನು ತಳ್ಳಿಹಾಕಿತ್ತು. ಒಮ್ಮೆಲೇ ಮೂರು ಎಂದರೂ ಒಂದೇ ಎಂದಿತ್ತು. ಭಾರತದಲ್ಲಿ ಸುಪ್ರೀಂ ಕೋರ್ಟ್ 2002ರ ಶಮೀಮ್ ಆರಾ ತೀರ್ಪಿನಲ್ಲಿ, ತಲಾಖಿಗೆ ಸಕಾರಣ ಇರಬೇಕು, ಅದಕ್ಕೂ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ರಾಜಿಯ ಯತ್ನ ನಡೆದಿರಬೇಕು ಎಂದಿತು. 2017ರ ಆಗಸ್ಟ್ 22ರಂದು ಸಾಂವಿಧಾನಿಕ ಪೀಠ 3-2ರ ಬಹುಮತದಿಂದ ತ್ರಿವಳಿ ತಲಾಖನ್ನು ರದ್ದುಪಡಿಸಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವಾಗಿಸಿದೆ. ಹೇಳಿದರೂ, ಬರೆದರೂ, ಮೊಬೈಲಿನಲ್ಲಿ ಕಳುಹಿಸಿದರೂ ಮದುವೆ ಮುರಿಯದು.

ಇದ್ದತ್ ಅವಧಿಯೊಳಗೆ ಹಿಂಪಡೆಯಬಹುದಾದ ಒಂದೇ ತಲಾಖಿನ ಪದ್ಧತಿಯನ್ನು ಮಾತ್ರ ಈ ಕಾಯ್ದೆ ಮುಟ್ಟಿಲ್ಲ. ಅಲ್ಲಿ ಸರೀಹ್-ಕಿನಾಯಗಳ ಹಳೆಯ ಪ್ರಶ್ನೆ ಈಗಲೂ ಜೀವಂತ.