ಕಾರು ಬಿಟ್ಟು ಬನ್ನಿ ಅನ್ನುವುದು ಸುಲಭ, ವೇಣೂರಿಗೆ ಬಸ್ ಎಷ್ಟೊತ್ತಿಗೆ?

ಶನಿವಾರ ಬಂತೆಂದರೆ ಗುರುವಾಯನಕೆರೆ, ಉಜಿರೆ ದಾರಿಯಲ್ಲಿ ಹೊರ ಊರಿನ ಕಾರುಗಳದ್ದೇ ಸಾಲು. ಹೊಗೆ, ಟ್ರಾಫಿಕ್, ರಸ್ತೆ ಬದಿಯ ಬಾಟಲಿ ನೋಡಿ ನಾವು ಬೈಯುವುದೂ ಉಂಟು. ಇವರು ಬಸ್ಸಲ್ಲೋ ರೈಲಲ್ಲೋ ಯಾಕೆ ಬರುವುದಿಲ್ಲ ಅಂತ ಒಮ್ಮೆ ಅವರ ಜಾಗದಲ್ಲಿ ನಿಂತು ನೋಡಬೇಕು.

ಬೆಂಗಳೂರಿನ ಐದು ಜನರ ಕುಟುಂಬ ಅಂತ ಇಟ್ಟುಕೊಳ್ಳಿ. ಎರಡು ದಿನದಲ್ಲಿ ಧರ್ಮಸ್ಥಳ, ವೇಣೂರು, ಮೂಡುಬಿದಿರೆ ಮೂರೂ ಆಗಬೇಕು. ಮೂರು ತಾಲೂಕುಗಳಲ್ಲಿ ರೈಲು ಇರುವುದು ಬಂಟ್ವಾಳಕ್ಕೆ ಮಾತ್ರ. ಬೆಳ್ತಂಗಡಿ, ಮೂಡುಬಿದಿರೆಗೆ ಹಳಿಯೇ ಇಲ್ಲ. ಬಂಟ್ವಾಳ ಸ್ಟೇಷನ್‌ನಲ್ಲಿ ಇಳಿದವರು ಲಗೇಜ್, ಮಕ್ಕಳು, ಅಜ್ಜಿಯನ್ನು ಕಟ್ಟಿಕೊಂಡು ಧರ್ಮಸ್ಥಳದ ಬಸ್ಸಿಗೆ ಮತ್ತೆ ಬಿ.ಸಿ.ರೋಡಿನಲ್ಲಿ ಕಾಯಬೇಕು.

ನೇರ ಬಸ್ಸಲ್ಲಿ ಬಂದರೆ ಧರ್ಮಸ್ಥಳದವರೆಗೆ ತೊಂದರೆ ಇಲ್ಲ. ಕೆಎಸ್‌ಆರ್‌ಟಿಸಿ ಬಸ್ ಬೇಕಾದಷ್ಟುಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ, ವೇಗದೂತ ಬಸ್ಸಲ್ಲಿ ಟಿಕೆಟ್ ದುಡ್ಡೂ ಇಲ್ಲ. ತೊಡಕು ಇರುವುದು ಅಲ್ಲಿಂದ ಮುಂದೆ. ಗುರುವಾಯನಕೆರೆ ದಾಟಿ ವೇಣೂರು, ಮೂಡುಬಿದಿರೆ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಶಕ್ತಿ ಅದರಲ್ಲಿ ನಡೆಯುವುದಿಲ್ಲ. ಯಾವ ಬಸ್ ಎಷ್ಟೊತ್ತಿಗೆ ಅಂತ ನಮಗೆ ಬಾಯಿಪಾಠ. ಹೊರಗಿನವರು ಯಾರನ್ನು ಕೇಳ್ಬೇಕು?

ಕೇಳಿ ಹತ್ತಿದರು ಅನ್ನಿ. 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನನ್ನು ನೋಡುವಾಗ ಬ್ಯಾಗ್ ಎಲ್ಲಿಡುವುದು? ಯಾವುದಾದರೂ ಅಂಗಡಿಯವರನ್ನು ಕೇಳಬೇಕಷ್ಟೆ. ಕಾರಿದ್ದರೆ ಈ ಚಿಂತೆಯೇ ಇಲ್ಲ. ಬ್ಯಾಗ್ ಡಿಕ್ಕಿಯಲ್ಲಿ, ಮಗು ಹಿಂದಿನ ಸೀಟಲ್ಲಿ ನಿದ್ದೆ, ಕೊನೆಯ ಬಸ್ ತಪ್ಪುವ ಹೆದರಿಕೆಯೂ ಇಲ್ಲ. ಪೆಟ್ರೋಲಿಗೆ ಹೆಚ್ಚಾದರೂ ಜನ ಕೊಡುವುದು ಈ ಧೈರ್ಯಕ್ಕೆ. ಗಡಾಯಿಕಲ್ಲು, ಕಾರಿಂಜ ಸೇರಿಸಿದರಂತೂ ಮುಖ್ಯ ರಸ್ತೆಯಿಂದ ಒಳಗೆ ಆಟೋ ಬೇಕು. ಬಾಡಿಗೆ ಎಷ್ಟು, ವಾಪಸ್ ಬರುವಾಗ ಸಿಗ್ತದಾ, ಎರಡೂ ಗೊತ್ತಿಲ್ಲ. ಐದು ಟಿಕೆಟ್, ಮೇಲೆ ಆಟೋ ಅಂತ ಲೆಕ್ಕ ಹಾಕಿದರೆ ಕಾರೇ ಅಗ್ಗ ಅನ್ನಿಸಿದರೆ ಆಶ್ಚರ್ಯವಿಲ್ಲ.

ಬಾಟಲಿಯದ್ದೂ ಇದೇ ಕಥೆ. ಮನೆಯಿಂದ ಸ್ಟೀಲ್ ಬಾಟಲಿ ತಂದವರು ಅದು ಖಾಲಿಯಾದಾಗ ಏನು ಮಾಡಬೇಕು? ನಳ್ಳಿ ಕಂಡರೂ ಕುಡಿಯುವ ನೀರು ಅಂತ ಬೋರ್ಡ್ ಇಲ್ಲದಿದ್ದರೆ ಅಂಗಡಿಯ ಪ್ಲಾಸ್ಟಿಕ್ ಬಾಟಲಿಯೇ ಗತಿ.

ಇದಕ್ಕೆಲ್ಲ ಕೋಟಿ ರೂಪಾಯಿಯ ಯೋಜನೆ ಬೇಡ ಮಾರಾಯ್ರೇ. ಧರ್ಮಸ್ಥಳ, ಬೆಳ್ತಂಗಡಿ, ಮೂಡುಬಿದಿರೆ ಬಸ್ ಸ್ಟ್ಯಾಂಡುಗಳಲ್ಲಿ ಸರ್ಕಾರಿ, ಖಾಸಗಿ ಎರಡೂ ಬಸ್ಸುಗಳ ಟೈಮ್ ಬರೆದ ಒಂದೇ ಬೋರ್ಡ್, ಅದರಲ್ಲಿ ಕೊನೆಯ ಬಸ್ಸು ಕೆಂಪಕ್ಷರದಲ್ಲಿ. ವಾರಾಂತ್ಯಕ್ಕಾದರೂ ರೈಲಿನ ಹೊತ್ತಿಗೆ ಬಂಟ್ವಾಳ ಸ್ಟೇಷನ್ನಿನಿಂದ ಒಂದು ಬಸ್. ವೇಣೂರಿನಲ್ಲಿ ಬ್ಯಾಗ್ ಇಡಲು ಬೀಗ ಇರುವ ಒಂದು ಕೋಣೆ.