ಅಂಗಡಿಯ ಹೆಸರು ಗಡಿ ದಾಟುವ ಮೊದಲು

ಶಹಾಬಾದ್ ಕಲ್ಲಿನ ಹೆಸರು ಕೇಳದವರು ಕಡಿಮೆ. ನಮ್ಮ ಕಡೆಯಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಹಳೇ ಮನೆಗಳ ನೆಲಕ್ಕೂ ಅದೇ ಹಾಸು. ಆದರೆ ಆ ಹೆಸರು ಯಾವ ಒಂದು ಅಂಗಡಿಯದ್ದೂ ಅಲ್ಲ. ಊರಿನ ಹೆಸರು ಎಲ್ಲರದ್ದು. ನಿಮ್ಮ ಅಂಗಡಿಯ ಹೆಸರು ಮಾತ್ರ ನಿಮ್ಮದೇ ಆಗಬೇಕು, ಅದಕ್ಕೆ ಕಾಗದ ಬೇಕು.

ಈ ಮಾತು ಈಗ ನಮ್ಮ ಮನೆಗೇ ಬಂದಿದೆ. ಚಿತ್ತಾಪುರ ತಾಲ್ಲೂಕಿನ ದಂಡೋತಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ಆನ್‌ಲೈನ್ ಅಂಗಡಿ ನಡೆಸುತ್ತಾಳೆ. ತಾನು ಮಾಡುವ ಕಟಕ್ ರೊಟ್ಟಿಯ ಜೊತೆ ಸುತ್ತಲಿನ ಮಹಿಳಾ ಸಂಘಗಳ ಶೇಂಗಾ ಹಿಂಡಿ, ತೊಗರಿ ಬೇಳೆಯನ್ನೂ ಮಾರುತ್ತಾಳೆ. ವೆಬ್‌ಸೈಟ್ ಮಾಡಿಕೊಟ್ಟವನು ನಾನು. ದುಬೈಯ ವ್ಯಾಪಾರಿಯೊಬ್ಬರು ಮಾಲು ಕೇಳಿದ್ದಾರೆ, ಜೊತೆಗೆ ಒಂದು ಮಾತು: “ನಿಮ್ಮ ಹೆಸರು ಇಲ್ಲಿ ನಾವೇ ರಿಜಿಸ್ಟರ್ ಮಾಡಿಸ್ತೀವಿ.” ಯಾರ ಹೆಸರಿಗೆ ಅಂತ ಅವರು ಹೇಳಲಿಲ್ಲ.

“ಅಣ್ಣಾ, ಡೊಮೇನ್ ನಂದೇ ಅದ, ಜಿಎಸ್‌ಟಿ ಅದ. ಮತ್ತೇನ್ ಬೇಕು?” ಅಂದಳು ತಂಗಿ.

ಅವೆರಡೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಜಿಐ ಮಾನ್ಯತೆ ಕೂಡ ಬೇಳೆಯ ಹೆಸರನ್ನು ಕಾಯುತ್ತದೆ, ಬೇಳೆ ಮಾರುವ ಅಂಗಡಿಯ ಹೆಸರನ್ನಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ಬೇಕು. ಟ್ರೇಡ್‌ಮಾರ್ಕ್‌ನಲ್ಲಿ ಒಟ್ಟು 45 ವರ್ಗಗಳು. ರೊಟ್ಟಿ 30ನೇ ವರ್ಗ. ಆದರೆ ಹಲವರ ಸರಕನ್ನು ಒಂದೇ ಕಡೆ ಸೇರಿಸಿ ಮಾರುವುದು ಒಂದು ಸೇವೆ, ಅದು 35ನೇ ವರ್ಗ. ನಿಮ್ಮ ಸ್ವಂತ ಸರಕನ್ನಷ್ಟೇ ಮಾರುವವರಾದರೆ ಸರಕಿನ ವರ್ಗವೇ ಮುಖ್ಯ. ತಂಗಿಗೆ ಎರಡೂ ಬೇಕು. ಅರ್ಜಿಯಲ್ಲಿ ಬರೀ “ಚಿಲ್ಲರೆ ಮಾರಾಟ” ಅಂತ ಬರೆದರೆ ಸಾಲದು, ಯಾವ ಸರಕು ಎಂದೂ ಹೇಳಬೇಕು. ಯುರೋಪಿನ ನ್ಯಾಯಾಲಯ 2005ರಲ್ಲೇ ಪ್ರಾಕ್ಟಿಕರ್ ಪ್ರಕರಣದಲ್ಲಿ ಹೀಗೆ ಹೇಳಿದೆ.

ವರ್ಗ ತಪ್ಪಿದರೆ ಏನಾಗುತ್ತೆ? ಜಪಾನಿನ ಮುಜಿ ಎಷ್ಟು ದೊಡ್ಡ ಅಂಗಡಿ ಸರಣಿ! ಆದರೂ ಚೀನಾದಲ್ಲಿ ಟವೆಲ್, ಹಾಸಿಗೆ ಬಟ್ಟೆಗಳ ವರ್ಗದಲ್ಲಿ ಅದರ ಚೀನೀ ಅಕ್ಷರದ ಹೆಸರನ್ನು ಬೇರೊಂದು ಕಂಪನಿ ಮೊದಲೇ ದಾಖಲಿಸಿತ್ತು. 2019ರಲ್ಲಿ ಮುಜಿಯೇ ಕೇಸು ಸೋತಿತು.

ಟ್ರೇಡ್‌ಮಾರ್ಕ್ ಆಯಾ ದೇಶಕ್ಕಷ್ಟೇ ಸೀಮಿತ. ಭಾರತದ ನೋಂದಣಿ ದುಬೈಯಲ್ಲಿ ನಡೆಯುವುದಿಲ್ಲ. ಹಾಗಾಗಿ ಕ್ರಮ ಹೀಗಿರಲಿ:

ಮೊದಲು ಹುಡುಕಿ. ಭಾರತದ ಟ್ರೇಡ್‌ಮಾರ್ಕ್ ಕಚೇರಿಯ ಸರ್ಚ್, ವೈಪೋದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್ ಎರಡೂ ಉಚಿತ. “ದಂಡೋತಿ ರೊಟ್ಟಿ” ಥರ ಬರೀ ಊರು, ಸರಕು ಸೇರಿಸಿದ ಹೆಸರಿಗೆ ಆಕ್ಷೇಪ ಬರುವುದೇ ಹೆಚ್ಚು.

ಆಮೇಲೆ ಇಲ್ಲಿ ಅರ್ಜಿ ಹಾಕಿ. ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ನೋಂದಣಿ ಆಗುವವರೆಗೆ ಹೆಸರಿನ ಪಕ್ಕ ಟಿಎಂ ಅಂತ ಹಾಕಬಹುದು, ವೃತ್ತದೊಳಗಿನ ಆರ್ ಹಾಕುವುದು ಅಪರಾಧ.

ಆರು ತಿಂಗಳೊಳಗೆ ಹೊರದೇಶಕ್ಕೆ ಅರ್ಜಿ ಹಾಕಿದರೆ, ಪ್ಯಾರಿಸ್ ಒಪ್ಪಂದದ ದೇಶಗಳಲ್ಲಿ ನಿಮ್ಮ ಭಾರತದ ತಾರೀಖೇ ಲೆಕ್ಕಕ್ಕೆ ಬರುತ್ತದೆ. 2013ರಿಂದ ಭಾರತ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿದೆ, ಅಮೆರಿಕ, ಬ್ರಿಟನ್, ಯುಎಇ ಕೂಡ ಇವೆ. ಒಂದೇ ಅರ್ಜಿಯಲ್ಲಿ ಹಲವು ದೇಶ ಕೇಳಬಹುದು. ಮೂಲ ಶುಲ್ಕ, ಕಪ್ಪು ಬಿಳುಪು ಗುರುತಿಗೆ, 653 ಸ್ವಿಸ್ ಫ್ರಾಂಕ್. ದೇಶವಾರು ಶುಲ್ಕ ಬೇರೆ. ಒಂದು ಎಚ್ಚರ: ಮೊದಲ ಐದು ವರ್ಷದಲ್ಲಿ ಭಾರತದ ಮೂಲ ಅರ್ಜಿ ಬಿದ್ದರೆ, ಅದನ್ನು ನಂಬಿದ ಹೊರದೇಶದ ನೋಂದಣಿಯೂ ಬೀಳುತ್ತದೆ.

ತಂಗಿ ಎರಡೂ ವರ್ಗಕ್ಕೆ ಅರ್ಜಿ ಹಾಕಿದ್ದಾಳೆ, ತನ್ನ ಹೆಸರಲ್ಲೇ. ದುಬೈಗೆ ಕಳಿಸುವ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೇವೆ: ಮಾಲು ನಿಮಗೆ, ಹೆಸರು ನಮಗೆ. ಸಹಿ ಇನ್ನೂ ಬಂದಿಲ್ಲ. ಅದು ಬರುವ ತನಕ ರೊಟ್ಟಿ ಡಬ್ಬಿ ಹಡಗು ಹತ್ತೋದಿಲ್ಲ ಅಂತ ಅವಳ ಹಟ. ನನಗೂ ಅದೇ ಸರಿ ಅನಿಸುತ್ತದೆ.